ಬಿಸಿಲಿಗಿಟ್ಟ ಹುಳಗಳು

ಮೂರು ದಿನ ತೊಳೆದರೂ ಉಗುರಿನ ಸಂದಿಯ ಬಣ್ಣ ಹೋಗಿರಲಿಲ್ಲ. ಬ್ರಹ್ಮಾವರದಲ್ಲಿ ಬೈಂದೂರಿನ ಬಸ್ಸು ಹತ್ತಿ ಕಿಟಕಿಯ ಬದಿಗೆ ಕುಳಿತ ಮೇಲೆ ಪ್ರೇಮಾನಂದನ ಕಣ್ಣು ಮತ್ತೆ ಮತ್ತೆ ತನ್ನ ಕೈಯ ಮೇಲೆಯೇ ಹೋಗುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸೂ ಅದನ್ನು ನೋಡಿ, "ಮನಿಯಗೆ ಮದಿಯಾ?" ಎಂದು ಕೇಳಿದಳು. ಮದುವೆಯಲ್ಲ, ಕೆಲಸದ ಬಣ್ಣ ಎಂದ. ಎಂಥ ಕೆಲಸ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, ಹುಳಗಳಿಗೆ ಬಣ್ಣ ತಿನ್ನಿಸಿ ಬಿಸಿಲಿನ ಕೈಯಲ್ಲಿ ಕೊಲ್ಲಿಸುವ ಕೆಲಸ ಎಂದು ಹೇಳಬೇಕಾಗುತ್ತಿತ್ತು, ಅವಳು ನಗುತ್ತಿದ್ದಳು, ಅವನು ತನ್ನ ಪ್ರಯೋಗಶಾಲೆಯ ಡಾಕ್ಟರ್ ಅನಿಷಾ ಹೇಳಿಕೊಟ್ಟ ಹಾಗೆ ವಿವರಿಸುತ್ತಿದ್ದ. ಬೆಲ್ಲದ ನೀರಿಗೆ ಈ ಕೆಂಪು ಬಣ್ಣ ಬೆರೆಸಿ ಎಲೆಗೆ ಹೊಡೆಯುವುದು, ಹುಳ ಎಲೆಯ ಜೊತೆ ಬಣ್ಣವನ್ನೂ ತಿನ್ನುವುದು, ಬೆಳಿಗ್ಗೆ ಬಿಸಿಲು ಅದರ ತೆಳ್ಳನೆಯ ಮೈಯೊಳಗೆ ಇಳಿದ ಕೂಡಲೇ ಬಣ್ಣ ಎಚ್ಚೆತ್ತು ಹೊಟ್ಟೆಯ ಒಳಗಿನಿಂದಲೇ ಅದನ್ನು ಸುಡುವುದು. ಕತ್ತಲೆಯಲ್ಲಿಟ್ಟರೆ ಅದೇ ಹುಳ ಆರಾಮಾಗಿ ಬದುಕುತ್ತದೆ. ನಾಲ್ಕು ದಿನಕ್ಕೆ ಎಲೆಯ ಮೇಲಿನ ಬಣ್ಣವನ್ನೂ ಬಿಸಿಲೇ ಅಳಿಸಿಹಾಕುತ್ತದೆ, ಮಣ್ಣಿನಲ್ಲಿ ವಿಷ ಉಳಿಯುವುದಿಲ್ಲ. ಈ ಮಾತುಗಳನ್ನು ಹೇಳುವಾಗ ಇಷ್ಟು ದಿನ ಅವನ ಸ್ವರದಲ್ಲಿ ಒಂದು ಗತ್ತು ಬರುತ್ತಿತ್ತು. ಈಗ ಮನಸ್ಸಿನಲ್ಲಿ ಹೇಳಿಕೊಂಡರೂ ಆ ಗತ್ತು ಬರಲಿಲ್ಲ. ಕೈಗಳನ್ನು ಮಡಿಲಿನ ಚೀಲದ ಕೆಳಗೆ ಸೇರಿಸಿ ಹೊರಗೆ ನೋಡತೊಡಗಿದ.

ಕುಂದಾಪುರ ದಾಟಿ, ತ್ರಾಸಿ ದಾಟಿ, ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ ಬಂದಾಗ ಬಸ್ಸಿನ ತುಂಬ ಉಪ್ಪಿನ ಗಾಳಿ ನುಗ್ಗಿತು. ಈ ಗಾಳಿ ಬಂತೆಂದರೆ ಅಬ್ಬೆಯ ಮೀನಿನ ಬುಟ್ಟಿಯ ನೆನಪು. ಬುಟ್ಟಿಯ ಅಡಿಯಿಂದ ಹನಿಯುವ ನೀರು ಅಬ್ಬೆಯ ಕುತ್ತಿಗೆಗೆ ಇಳಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ. ಕಡಲ ಬದಿಯ ಮನೆಯಿಂದ ಹೊರಟು ನಾಗೂರಿನ ಬಯಲು ದಾಟಿ ಪದ್ದಕ್ಕನ ಮನೆಯ ಅಂಗಳಕ್ಕೆ ಬರುವಷ್ಟರಲ್ಲಿ ಅವಳ ರವಿಕೆಯ ಬೆನ್ನು ಪೂರ್ತಿ ಒದ್ದೆ. ಅಬ್ಬೆಯ ಹಿಂದೆ ಹಿಂದೆ ಓಡಿ ಬರುತ್ತಿದ್ದ ಅವನು ಆ ಅಂಗಳದ ತುದಿಯಲ್ಲಿ ನಿಲ್ಲುತ್ತಿದ್ದ. ಜಗಲಿಗೆ ಏರಬೇಡ ಎಂದು ಯಾರೂ ಹೇಳಿದ ನೆನಪಿಲ್ಲ. ಯಾರೂ ಹೇಳದೆಯೇ ಗೊತ್ತಿದ್ದ ಸಂಗತಿ ಅದು, ಬೆಂಕಿ ಸುಡುತ್ತದೆ ಎಂದು ಗೊತ್ತಿದ್ದ ಹಾಗೆ. ಪದ್ದಕ್ಕ ಆಗ ಹದಿನಾಲ್ಕರ ಹುಡುಗಿ, ಉದ್ದ ಲಂಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯಿಂದ ಧುಮುಕಿ ಬರುತ್ತಿದ್ದಳು. "ಹ್ವಾಯ್ ಪ್ರೇಮ, ಹುಳ ಹೆಕ್ಕುಕೆ ಬತ್ತ್ಯಾ?" ಎನ್ನುತ್ತಿದ್ದಳು. ಎಂಟು ವರ್ಷದ ಅವನಿಗೆ ಆ ಕೂಗು ಎಷ್ಟು ಇಷ್ಟವಾಗಿತ್ತೆಂದರೆ, ಹುಳ ಬೀಳದ ವರ್ಷ ಬಾರದಿರಲಿ ಎಂದು ಅವನು ದೇವರನ್ನು ಬೇಡಿಕೊಂಡದ್ದೂ ಇತ್ತು.

ನಾಗೂರಿನಲ್ಲಿ ಇಳಿದಾಗ ಗಂಟೆ ಒಂಬತ್ತು ಆಗಿರಲಿಲ್ಲ. ಫೆಬ್ರವರಿಯ ಎಳೆ ಬಿಸಿಲು, ಭತ್ತದ ಕೊಯ್ಲು ಮುಗಿದ ಬಯಲಿನ ಉದ್ದಕ್ಕೂ ನೆಲಗಡಲೆಯ ಹಸಿರು. ಸೋಮವಾರ ಸಂಜೆ ಇಲ್ಲಿಯ ನಾಲ್ಕು ಗದ್ದೆಗಳಿಗೆ ಅವನೇ ಮದ್ದು ಹೊಡೆದು ಹೋಗಿದ್ದ. ಇವತ್ತು ಗುರುವಾರ, ಹುಳಗಳ ಲೆಕ್ಕ ತೆಗೆಯುವ ದಿನ. ಒಂದನೆಯ ಗದ್ದೆಯ ರತ್ನಾಕರ ದೂರದಿಂದಲೇ ಕೈಯೆತ್ತಿದ. "ಹ್ವಾಯ್ ಪ್ರೇಮಣ್ಣ, ನಿಮ್ಮ್ ಬಣ್ಣ ಭಾರೀ ಕೆಲ್ಸ ಮಾಡ್ತ್! ಬನ್ನಿ, ಕಾಣಿ!" ಎಲೆಗಳ ಮೇಲೆ, ಗಿಡದ ಬುಡದಲ್ಲಿ, ಹುಳಗಳು ಕಪ್ಪಾಗಿ ಸುರುಟಿ ಬಿದ್ದಿದ್ದವು. ಪ್ರೇಮಾನಂದ ಕುಕ್ಕರಗಾಲಿನಲ್ಲಿ ಕುಳಿತು ಹಾಳೆ ಬಿಡಿಸಿ, ಗುರುತು ಹಾಕಿದ ಇಪ್ಪತ್ತು ಗಿಡಗಳಲ್ಲಿ ಸತ್ತದ್ದೆಷ್ಟು ಬದುಕಿದ್ದೆಷ್ಟು ಎಂದು ಬರೆದುಕೊಂಡ. ಸತ್ತದ್ದು ನಲವತ್ತೊಂದು, ಬದುಕಿದ್ದು ಐದು. ರತ್ನಾಕರ ಬೆನ್ನು ತಟ್ಟಿದ. ಆ ತಟ್ಟು ಬೆನ್ನಿನ ಮೇಲೆ ಉಳಿದುಕೊಂಡು ತುರಿಸಿದಂತಾಯಿತು. ಇದರ ಪಕ್ಕದ ಎರಡನೆಯ ಗದ್ದೆಗೆ ಬರಿಯ ನೀರು, ಆಚೆಯ ನಾಲ್ಕನೆಯದಕ್ಕೆ ಇದೇ ಬಣ್ಣ. ಮೂರನೆಯದು ಪದ್ದಕ್ಕನದು.

ಆ ಮೂರನೆಯ ಗದ್ದೆಯ ಮದ್ದಿನ ಡಬ್ಬಿಯಲ್ಲಿ ಏನಿತ್ತೆಂದು ಅವನಿಗೆ ಗೊತ್ತಾಗಬಾರದಿತ್ತು. ಡಬ್ಬಿಗಳಿಗೆ ಅನಿಷಾ ಬರಿಯ ಅಂಕೆ ಬರೆದಿದ್ದಳು, ಯಾವುದರಲ್ಲಿ ಏನೆಂಬ ಚೀಟಿ ಅವಳ ಮೇಜಿನ ಬೀಗದೊಳಗಿತ್ತು. ಎರಡನೆಯದು ನೀರೆಂಬುದು ಮಾತ್ರ ಕಣ್ಣಿಗೇ ಕಾಣುತ್ತಿತ್ತು. ಆದರೆ ಮಂಗಳವಾರ ಬೆಳಿಗ್ಗೆ, ಬ್ರಹ್ಮಾವರದಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಆ ಸಣ್ಣ ಪ್ರಯೋಗಶಾಲೆಯ ಹಿತ್ತಲಿನ ನಲ್ಲಿಯಲ್ಲಿ ಡಬ್ಬಿ ತೊಳೆಯುವಾಗ ಬಿಸಿಲು ಬಿತ್ತು. ಒಂದನೆಯ ಡಬ್ಬಿಯ ತೊಳೆದ ನೀರು ಹಸಿರುಹಳದಿಯಾಗಿ ಮಿನುಗಿತು. ನಾಲ್ಕನೆಯದೂ ಹಾಗೆಯೇ. ಬೆಳಕು ಕುಡಿಯುವ ಬಣ್ಣದ ಗುಣವದು. ಮೂರನೆಯ ಡಬ್ಬಿಯ ನೀರು ಮಾತ್ರ ಕೆಂಪಾಗಿಯೇ ಹರಿದುಹೋಯಿತು, ಮಿಠಾಯಿ ಅಂಗಡಿಯ ಬಣ್ಣದ ಹಾಗೆ. ಅವನು ಮತ್ತೊಮ್ಮೆ ನೀರು ತುಂಬಿಸಿ ಬಿಸಿಲಿಗೆ ಹಿಡಿದ. ಇನ್ನೊಮ್ಮೆ ಹಿಡಿದ. ಹುಳಗಳು ಸಾಯುವುದು ಬೆಳಕಿನಿಂದಲೋ ಅಥವಾ ಬರಿಯ ಬಣ್ಣದ ಬೆಲ್ಲದಿಂದಲೋ ಎಂದು ತಿಳಿಯಲು ಒಂದು ಗದ್ದೆಗೆ ಸುಮ್ಮನೆ ಕೆಂಪು ನೀರು ಹೊಡೆಯಲೇಬೇಕೆಂದು ಅನಿಷಾ ಮೊದಲೇ ಹೇಳಿದ್ದಳು, ಅದರಲ್ಲಿ ತಪ್ಪಿರಲಿಲ್ಲ. ಒಪ್ಪಿಗೆಯ ಕಾಗದದಲ್ಲಿ ಅದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಸಿದ್ದಳು: ನಾಲ್ಕರಲ್ಲಿ ಎರಡು ಗದ್ದೆಗಳಿಗೆ ಮಾತ್ರ ನಿಜವಾದ ಮದ್ದು, ಉಳಿದ ಎರಡರಲ್ಲಿ ಹುಳ ಬೆಳೆಯನ್ನು ತಿನ್ನಬಹುದು, ಯಾರಿಗೆ ಯಾವುದೆಂದು ಮೊದಲು ಹೇಳುವುದಿಲ್ಲ. ರೈತರಿಗೆ ಪೂರ್ತಿ ಓದಿ ಹೇಳಿ ಎಂದು ಎರಡು ಸಲ ಹೇಳಿ ಕಳಿಸಿದ್ದಳು. ಉಳಿದ ಮೂವರಿಗೆ ಅವನು ಪೂರ್ತಿ ಓದಿದ್ದ. ಪದ್ದಕ್ಕನ ಮುಂದೆ ಆ ಸಾಲು ಬಂದಾಗ ಕಣ್ಣು ಅದರ ಮೇಲೆ ಹಾದುಹೋಯಿತು, ಬಾಯಿ ಮುಂದಿನ ಸಾಲಿಗೆ ಹಾರಿತು.

ಯಾಕೆ ಹಾಗೆ ಮಾಡಿದೆ ಎಂದು ಮೂರು ದಿನದಿಂದ ಕೇಳಿಕೊಂಡಿದ್ದಾನೆ. ಅವತ್ತು ಅವನು ಆ ಮನೆಯ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ, ಕೈಯಲ್ಲಿ ಲೋಟ ತುಂಬ ಚಾ ಇತ್ತು. ಅರವತ್ತರ ಪದ್ದಕ್ಕ ಕೆಳಗಿನ ಮೆಟ್ಟಿಲಲ್ಲಿ ಕಾಲು ಚಾಚಿ ಕುಳಿತು, "ಓದ್ ಕಾಂಬ" ಎಂದಿದ್ದಳು. ಅಂಗಳದ ತುದಿಯಲ್ಲಿ ನಿಲ್ಲುತ್ತಿದ್ದ ಹುಡುಗ ಒಂದು ದಿನ ಆ ಮನೆಗೆ ಏನಾದರೂ ಒಳ್ಳೆಯದನ್ನು ತಂದುಕೊಡುವವನಾಗಿ ಬರಬೇಕು ಎಂಬ ಆಸೆ ಯಾವ ಕಾಲದ್ದೋ. ಅಂಥ ಗಳಿಗೆಯಲ್ಲಿ 'ಇದು ಸುಳ್ಳು ಮದ್ದೂ ಆಗಬಹುದು' ಎಂದು ಓದಲು ಅವನಿಗೆ ಬಾಯಿ ಬರಲಿಲ್ಲ. ನಾಲ್ಕರಲ್ಲಿ ಎರಡು, ಅರ್ಧಕ್ಕರ್ಧ ಅವಕಾಶ, ಪದ್ದಕ್ಕನಿಗೆ ಒಳ್ಳೆಯದೇ ಬರುತ್ತದೆ ಎಂದುಕೊಂಡ. ಅವಳ ಗದ್ದೆಯಲ್ಲಿದ್ದದ್ದು ಅಂಗಡಿಯ ಬೀಜವಲ್ಲ. ಅವಳ ಅಮ್ಮ ವರ್ಷ ವರ್ಷ ಎತ್ತಿಟ್ಟು ಕೊಟ್ಟ, ಗುಂಡಗಿನ, ತಿಳಿಗೆಂಪು ಸಿಪ್ಪೆಯ ಹಳೆಯ ತಳಿ. ಹೋದ ವರ್ಷ ಹೊತ್ತಲ್ಲದ ಮಳೆಗೆ ಅರ್ಧ ಮೊಳಕೆಯೊಡೆದು ಹಾಳಾಗಿ, ಉಳಿದದ್ದನ್ನೆಲ್ಲ ಈ ವರ್ಷ ಬಿತ್ತಿಬಿಟ್ಟಿದ್ದಳು. "ಈ ಸಲ ಹೋದ್ರೆ ಅಮ್ಮನ್ ಬೀಜವೇ ಹೋಯ್ತ್" ಎಂದು ಅವತ್ತೇ ಹೇಳಿದ್ದಳು. ಅದನ್ನು ಕೇಳಿಯೂ ಅವನು ಆ ಸಾಲಿಗೆ ವಾಪಸು ಹೋಗಲಿಲ್ಲ. ಚಾ ಮುಗಿಸಿ, ಸಹಿ ಹಾಕಿಸಿಕೊಂಡು ಬಂದ.

ಎರಡನೆಯ ಗದ್ದೆಯ ಲೆಕ್ಕ ಮುಗಿಸಿ ಮೂರನೆಯದರ ಅಂಚಿಗೆ ಬಂದಾಗ ಮೊದಲು ಅವನಿಗೆ ಕಂಡದ್ದು ಪದ್ದಕ್ಕನ ಬೆನ್ನು. ತಲೆಗೆ ಬೈರಾಸು ಸುತ್ತಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಗಿಡಗಳ ನಡುವೆ ಬಗ್ಗಿ ಏನನ್ನೋ ಮಾಡುತ್ತಿದ್ದಳು. ಕೈಯಲ್ಲಿ ಡಬ್ಬಿಯಿಲ್ಲ, ಹಾಗಾಗಿ ಹುಳ ಹೆಕ್ಕುತ್ತಿಲ್ಲ. ಒಂದು ಗಿಡದ ಎಲೆ ಮಗುಚಿ, ಅಡಿಯಲ್ಲಿದ್ದ ಹುಳವನ್ನು ಎರಡು ಬೆರಳಲ್ಲಿ ಹಿಡಿದು, ಅದೇ ಎಲೆಯ ಮೇಲೆ, ಬಿಸಿಲು ಬೀಳುವಲ್ಲಿ, ಇಟ್ಟಳು. ಬುಡದ ಮಣ್ಣು ಕೆದಕಿ ಇನ್ನೊಂದನ್ನು ತೆಗೆದಳು, ಅದನ್ನೂ ತುದಿಯ ಎಲೆಗೆ ಇಟ್ಟಳು. ಹುಳ ಸ್ವಲ್ಪ ಹೊತ್ತು ತಲೆ ಆಡಿಸಿ ಮೆಲ್ಲಗೆ ನೆರಳಿನ ಕಡೆಗೆ ಹೊರಟಿತು. ಅವಳು ಅದನ್ನು ಹಿಡಿದು ಮತ್ತೆ ಬಿಸಿಲಿಗೆ ತಂದಳು.

"ಬಂದ್ಯಾ?" ಎಂದು ಅವಳು ಬೆನ್ನು ನೆಟ್ಟಗೆ ಮಾಡದೆಯೇ ಕೇಳಿದಳು. "ಕಾಣ್, ಹೊಟ್ಟಿ ಎಲ್ಲ ಕೆಂಪಾಯ್ತ್. ತಿಂದಿತ್. ಆದ್ರೆ ಸಾಯ್ತಿಲ್ಲೆ ಮಾರಾಯ. ಬಿಸ್ಲ್ ಸಮಾ ತಾಗ್ತಿಲ್ಲೆ ಅಂದೇಳಿ ಕಾಣತ್. ಬಿಸ್ಲಿಗೇ ಸಾಯೂದ್ ಅಂದಿದ್ಯಲೆ ನೀನ್? ಹಾಂಗಾಯ್ ನಿನ್ನಿಂದ ಒಂದೊಂದೇ ಹಿಡ್ದ್ ಮೇಲ್ ಇಡ್ತಾ ಇದ್ದೆ."

"ನಿನ್ನೆಯಿಂದಲಾ?"

"ನಿನ್ನೆ ಬೆಳಿಗ್ಗೆಯಿಂದ. ಸೊಂಟ ಸತ್ತ್ ಹೋಯ್ತ್."

ಅವನು ಗದ್ದೆಯ ಉದ್ದಕ್ಕೂ ಕಣ್ಣಾಡಿಸಿದ. ಗದ್ದೆಯ ತೆಂಕು ಮೂಲೆಯಲ್ಲಿ ಎಲೆಗಳೇ ಉಳಿದಿರಲಿಲ್ಲ, ಬರಿಯ ಕಡ್ಡಿಗಳು ನಿಂತಿದ್ದವು. ಉಳಿದ ಕಡೆ ಎಲೆಗಳು ಜಾಲರಿಯಾಗಿದ್ದವು. ಆ ಜಾಲರಿಗಳ ಮೇಲೆ, ಕೆಂಪು ಹೊಟ್ಟೆಯ ಆರೋಗ್ಯವಂತ ಹುಳಗಳು, ಒಂದು ಹೆಂಗಸು ಎರಡು ದಿನ ಬಗ್ಗಿ ಬಿಸಿಲಿಗೆ ಇಟ್ಟ ಹುಳಗಳು, ನಿಧಾನವಾಗಿ ತಮ್ಮ ತಮ್ಮ ನೆರಳಿಗೆ ವಾಪಸು ಹೋಗುತ್ತಿದ್ದವು. ಅವನು ಲೆಕ್ಕದ ಹಾಳೆ ತೆಗೆದು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ. ಏನನ್ನು ಎಣಿಸುವುದು? ಚಿಕ್ಕಂದಿನಲ್ಲಿ ಇದೇ ಗದ್ದೆಯಲ್ಲಿ ಹುಳ ಹೆಕ್ಕಿ ಹಾಕುವ ಡಬ್ಬಿಯಲ್ಲಿ ಸೀಮೆಎಣ್ಣೆ ಬೆರೆಸಿದ ನೀರಿರುತ್ತಿತ್ತು. ಮಂಜು ಆರುವ ಮೊದಲು ಹೆಕ್ಕಬೇಕು, ಆಮೇಲೆ ಹುಳ ಮಣ್ಣಿಗಿಳಿಯುತ್ತದೆ. ನೆಲಗಡಲೆಯ ಹಳದಿ ಹೂವುಗಳ ನಡುವೆ ಕೈಯಾಡಿಸಿದರೆ ಮುಂಗೈ ತನಕ ತಣ್ಣಗೆ ಒದ್ದೆ. ಗದ್ದೆಯ ಆಚೆಗೆ ಸಮುದ್ರ ಕಾಣುತ್ತಿರಲಿಲ್ಲ, ಆದರೆ ಅದರ ಸದ್ದು ಗಾಳಿಯ ದಿಕ್ಕಿಗೆ ಹತ್ತಿರ ದೂರ ಆಗುತ್ತಿತ್ತು. ಐದಾರು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಸಾಲು, ನೂರು ಹುಳಕ್ಕೆ ಒಂದು ತುಂಡು ಬೆಲ್ಲ. ಒಂದು ದಿನ ಅರವತ್ತಕ್ಕೇ ಅವನಿಗೆ ಬೇಸರ ಬಂತು. ಡಬ್ಬಿಗೆ ಒಣ ಕಡ್ಡಿ, ಮಣ್ಣುಂಡೆ ಹಾಕಿ ಅಲ್ಲಾಡಿಸಿ, ನೂರಾಯಿತು ಎಂದು ಕೊಟ್ಟು ಬೆಲ್ಲ ಇಸಿದುಕೊಂಡ. ಪದ್ದಕ್ಕನ ಅಪ್ಪಯ್ಯನಿಗೆ ಏನು ಅನ್ನಿಸಿತೋ, ಡಬ್ಬಿಯನ್ನು ಗದ್ದೆಯ ಅಂಚಿನಲ್ಲಿ ಬೋರಲು ಹಾಕಿ ಕೋಲಿನಿಂದ ಒಂದೊಂದಾಗಿ ಎಣಿಸಿದರು. ಅರವತ್ತೆರಡು. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅಂಗಳದಲ್ಲಿ ಬುಟ್ಟಿ ಇಳಿಸುತ್ತಿದ್ದ ಅಬ್ಬೆಯೂ ಈ ಕಡೆ ತಿರುಗಿದ್ದಳು. ಆಗ ಪದ್ದಕ್ಕ, "ನಾ ಎಡ್ವಿ ಅವನ್ ಡಬ್ಬಿ ಚೆಲ್ದೆ ಅಪ್ಪಯ್ಯ, ನಾನೇ ಕಡ್ಡಿ ಸಮೇತ ಬಾಚಿ ಹಾಕ್ದೆ" ಎಂದಳು. ಬೆಳೆದ ಹುಡುಗಿಗೆ ನೋಡಿ ನಡೆಯಲಿಕ್ಕೆ ಆಗುವುದಿಲ್ಲವೇ ಎಂದು ಅವರು ಅವಳ ಕೆನ್ನೆಗೆ ಬಾರಿಸಿದರು. ಅವನು ಸುಮ್ಮನೆ ನಿಂತಿದ್ದ. ಬಾಯೊಳಗೆ ಬೆಲ್ಲ ಕರಗುತ್ತಿತ್ತು. ಉಗುಳಲೂ ಆಗದೆ, ನುಂಗಲೂ ಆಗದೆ, ಕೊನೆಗೆ ನುಂಗಿದ್ದ.

"ಎಂತ ಕಂಬದ್ ಹಾಂಗ್ ನಿಂತೆ? ಲೆಕ್ಕ ಬರಿ" ಎಂದಳು ಪದ್ದಕ್ಕ.

"ಪದ್ದಕ್ಕ, ಇವು ಸಾಯುವುದಿಲ್ಲ."

"ಮಧ್ಯಾಹ್ನ ಬಿಸ್ಲ್ ಏರ್ಲಿ."

"ಏರಿದರೂ ಸಾಯ್ತಿಲ್ಲೆ." ಬ್ರಹ್ಮಾವರದ ಕೆಲಸಕ್ಕೆ ಸೇರಿದ ಮೇಲೆ ರೂಢಿಯಾದ ಪುಸ್ತಕದ ಕನ್ನಡ ಅವನ ಬಾಯಿಂದ ತಾನಾಗಿ ಕಳಚಿತು. "ನಿನ್ನ್ ಗದ್ದಿಗ್ ಹೊಡ್ದದ್ ಮದ್ದಲ್ಲ. ಬರೀ ಕೆಂಪ್ ನೀರ್. ನಾಲ್ಕ್ರಗೆ ಎರಡ್ಕೇ ಮದ್ದ್. ಕಾಗ್ದದಗೆ ಬರ್ದಿತ್. ನಾನ್ ಆ ಸಾಲ್ ಓದ್ಲಿಲ್ಲ."

ಪದ್ದಕ್ಕ ಈಗ ನೆಟ್ಟಗಾದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯ ಬೆರಳುಗಳ ನಡುವೆ ಇನ್ನೂ ಒಂದು ಹುಳ. ಅದನ್ನು ಎಲ್ಲಿ ಇಡುವುದೆಂದು ತಿಳಿಯದವಳಂತೆ ಒಂದು ಕ್ಷಣ ನೋಡಿ ಮಣ್ಣಿಗೆ ಬಿಟ್ಟಳು. ಮನೆಯ ಕಡೆ ನಡೆದಳು. ಅವನು ಹಿಂಬಾಲಿಸಿದ. ಅವಳು ಒಳಗೆ ಹೋದಳು, ಅವನು ಅಂಗಳದಲ್ಲಿ ನಿಂತ. ಒಳಗಿನಿಂದ ಕಪಾಟಿನ ಬಾಗಿಲು ತೆರೆದ ಸದ್ದು. ಹೊರಗೆ ಬಂದಾಗ ಅವಳ ಕೈಯಲ್ಲಿ ಆ ಕಾಗದ, ಮೂಗಿನ ಮೇಲೆ ಕನ್ನಡಕ. ಜಗಲಿಯ ಮೆಟ್ಟಿಲಲ್ಲಿ ಕುಳಿತು ಸಾಲಿನ ಅಡಿಗೆ ಬೆರಳಿಟ್ಟುಕೊಂಡು ಓದತೊಡಗಿದಳು. ತುಟಿಗಳು ಅಲುಗುತ್ತಿದ್ದವು. ಬೆರಳು ಒಂದು ಕಡೆ ನಿಂತಿತು. ಅಲ್ಲಿಯೇ ಬಹಳ ಹೊತ್ತು ಇತ್ತು.

"ನಿಂಗ್ ಓದುಕ್ ಬತ್ತಾ?" ಎಂದು ಅವನು ಕೇಳಿದ. ಕೇಳಿದ ಮೇಲೆ ಎಂಥ ಮಾತಾಡಿದೆ ಎನ್ನಿಸಿತು.

"ಏಳ್ನೇ ಕ್ಲಾಸ್ ತನ್ಕ ಓದಿದ್ದೆ. ಅವತ್ತ್ ಕನ್ನಡ್ಕ ಒಳ್ಗೇ ಇದ್ದಿತ್, ಎದ್ದ್ ಹೋಯ್ ತಪ್ಪುಕೆ ಉದಾಸಿನ ಆದದ್ದಲ್ಲ. ಮೀನಿನ್ ಬುಟ್ಟಿ ಹಿಂದ್ ಬಪ್ಪ ಮಾಣಿ ಈಗ ಆಫೀಸ್ ಕಾಗ್ದ ಓದ್ತಾ ಅಲಾ, ಕೇಂಬುಕೆ ಚಂದ ಅಂದೇಳಿ ನಿನ್ನ್ ಕೈಯಗೆ ಓದ್ಸ್ದೆ." ಅವಳ ಸ್ವರ ಏರಿರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಎಂತಕ್ಕ್ ಹಾಂಗ್ ಮಾಡ್ದೆ?"

ಅವನು ಏನೇನೋ ಹೇಳಿದ. ಒಳ್ಳೆಯದೇ ಬರುತ್ತದೆ ಎಂದುಕೊಂಡದ್ದು, ಮಂಗಳವಾರವೇ ಗೊತ್ತಾದದ್ದು, ಎರಡು ದಿನ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟದ್ದು. ಹೇಳುತ್ತ ಹೇಳುತ್ತ ಅವನಿಗೇ ತಿಳಿಯದ ಹಾಗೆ ಮಾತು ಆ ಬೆಲ್ಲದ ದಿನಕ್ಕೆ ಹೋಯಿತು. ಅರವತ್ತೆರಡು ಹುಳ, ಅಪ್ಪಯ್ಯನ ಕೋಲು, ಅವಳ ಕೆನ್ನೆಯ ಮೇಲೆ ಮೂಡಿದ ಬೆರಳು. ಅವತ್ತೂ ತಾನು ಬಾಯಿ ಬಿಡಲಿಲ್ಲ, ಇಷ್ಟು ವರ್ಷ ಅದೊಂದು ಮುಳ್ಳಿನ ಹಾಗೆ ಒಳಗಿತ್ತು ಎಂದ. ಕಣ್ಣು ಒದ್ದೆಯಾಗಿತ್ತು. ಹೇಳಿ ಮುಗಿದಾಗ ಏನೋ ಒಂದು ಹಗುರ, ಈಗ ಅವಳು ಬೈದರೂ ಆದೀತು, ಅತ್ತರೂ ಆದೀತು ಎಂಬ ಹಗುರ.

ಪದ್ದಕ್ಕ ಕನ್ನಡಕ ತೆಗೆದು ಅವನನ್ನೇ ನೋಡಿದಳು. ಹಣೆ ಸುಕ್ಕುಗಟ್ಟಿಸಿ ನೆನಪು ಮಾಡಿಕೊಳ್ಳಲು ನೋಡಿದಳು. "ಅದ್ಯಾವತ್ತ್? ನಂಗ್ ನೆನ್ಪಿಲ್ಲೆ ಮಾರಾಯ. ಅಪ್ಪಯ್ಯ ದಿನಾ ಹೊಡಿತಿದ್ರ್, ಯಾವ ಪೆಟ್ಟ್ ಯಾವುದಕ್ಕ್ ಅಂದೇಳಿ ಯಾರ್ ನೆನ್ಪ್ ಇಡ್ತ್ರ್?" ಎಂದಳು. ಮತ್ತೆ ಕಾಗದದ ಮೇಲೆ ಬೆರಳಿಟ್ಟು, "ಅದನ್ ಬಿಡ್. ಇದ್ರ್ ಬಗ್ಗೆ ಹೇಳ್. ಇದಕ್ ಈಗ ಎಂತ ಮಾಡ್ತೆ?" ಎಂದಳು.

ನಲವತ್ತಾರು ವರ್ಷ ಅವನು ಜೋಪಾನವಾಗಿ ಇಟ್ಟುಕೊಂಡು ಬಂದಿದ್ದ ತಪ್ಪಿಗೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. ಬಾಲ್ಯವೆಂದರೆ ಅವನಿಗೆ ಈ ಅಂಗಳ, ಈ ಮಂಜು, ಈ ಹಳದಿ ಹೂವು, ಪದ್ದಕ್ಕನ ಕೆನ್ನೆ. ಅವಳಿಗೆ ಅದು ಹಲವು ಬೆಳಗುಗಳಲ್ಲಿ ಒಂದು, ಹಲವು ಪೆಟ್ಟುಗಳಲ್ಲಿ ಒಂದು. ತಾನು ಈವರೆಗೆ ಹಳೆಯ ನೋವನ್ನು ಸವಿಯುತ್ತಿದ್ದೆನೇ ಹೊರತು ಅವಳ ಬಗ್ಗೆ ಯೋಚಿಸಿಯೇ ಇರಲಿಲ್ಲ ಎಂದು ಅವನಿಗೆ ಅಂಗಳದ ಬಿಸಿಲಿನಲ್ಲಿ ನಿಂತಿದ್ದ ಹಾಗೆಯೇ ಹೊಳೆಯಿತು, ಹೊಳೆದು ನಾಚಿಕೆಯಾಯಿತು. ಬೆಲ್ಲದ ದಿನಕ್ಕೆ ಕಣ್ಣೀರು ಬಂದಿತ್ತು. ಎರಡು ದಿನ ಸೊಂಟ ಬಗ್ಗಿಸಿದ್ದಕ್ಕೆ ಬಂದಿರಲಿಲ್ಲ.

ಅವನು ಫೋನ್ ತೆಗೆದು ಅನಿಷಾಗೆ ಕರೆ ಮಾಡಿ, ಪದ್ದಕ್ಕನಿಗೂ ಕೇಳುವ ಹಾಗೆ ಇಟ್ಟ. ಮೂವತ್ತು ದಾಟದ ಅನಿಷಾ ಯಾವಾಗಲೂ ಅವನನ್ನು ಬಹುವಚನದಲ್ಲಿಯೇ ಮಾತಾಡಿಸುತ್ತಿದ್ದಳು. ಅವನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದಳು. "ಪ್ರೇಮಾನಂದರೇ, ನಾನು ಎರಡು ಸಲ ಹೇಳಿದ್ದೆ" ಎಂದಳು. ಹೌದು ಎಂದ. "ಹುಳಗಳನ್ನೂ ಬೇರೆ ಮುಟ್ಟಿದ್ದಾರೆ. ಆ ಗದ್ದೆಯನ್ನು ಪ್ರಯೋಗದಿಂದ ತೆಗೀಬೇಕಾಗ್ತದೆ. ಇನ್ನು ನೀವು ರೈತರ ಹತ್ತಿರ ಹೋಗುವ ಕೆಲಸ ಮಾಡುವುದು ಬೇಡ. ಒಳಗಿನ ಕೆಲಸ ಏನಾದರೂ ಇದ್ದರೆ ನೋಡುವಾ." ಆಯಿತು ಎಂದ. ಈ ಊರುಗಳ ಗದ್ದೆಯ ಅಂಚುಗಳಲ್ಲಿ ನಡೆಯುವುದು ಬಿಟ್ಟರೆ ಅವನಿಗೆ ಆ ಕೆಲಸದಲ್ಲಿ ಬೇರೆ ಸುಖವಿರಲಿಲ್ಲ. ಅದನ್ನು ಅವಳಿಗೆ ಹೇಳುವ ಹಕ್ಕೂ ಈಗ ಉಳಿದಿರಲಿಲ್ಲ. ಅನಿಷಾ ಪದ್ದಕ್ಕನ ಹತ್ತಿರ ಮಾತಾಡಬೇಕು ಎಂದಳು.

"ಅಮ್ಮಾ, ಒಂದು ಕೇಳ್ತೇನೆ. ಆ ಸಾಲು ನಿಮಗೆ ಓದಿ ಹೇಳಿದ್ದಿದ್ರೆ ನೀವು ಒಪ್ತಿದ್ರಾ?"

ಪ್ರೇಮಾನಂದ ಪದ್ದಕ್ಕನ ಮುಖವನ್ನೇ ನೋಡುತ್ತಿದ್ದ. ಒಪ್ಪುತ್ತಿದ್ದೆ ಎನ್ನಲಿ ಎಂದು ಅವನ ಒಳಗಿನ ಯಾವುದೋ ಒಂದು ಮೂಲೆ ಈಗಲೂ ಬೇಡುತ್ತಿತ್ತು. ಒಂದು ಮಾತು ಸಾಕಿತ್ತು, ಎಲ್ಲ ಸಣ್ಣದಾಗಿಬಿಡುತ್ತಿತ್ತು.

"ಇಲ್ಲೆ," ಎಂದಳು ಪದ್ದಕ್ಕ. "ಒಪ್ತಿರ್ಲಿಲ್ಲ. ಬೇರೆ ಬೀಜ ಆಗಿದ್ರೆ ಕಾಂಬ ಅಂತಿದ್ದೆ. ಇದನ್ ಹಾಕಿ ಆಟ ಆಡ್ತಿರ್ಲಿಲ್ಲ."

"ಸರಿ," ಎಂದಳು ಅನಿಷಾ. "ನಾನೇ ಮದ್ದು ತಗೊಂಡು ಬರ್ತೇನೆ."

ಮಧ್ಯಾಹ್ನ ಮೂರಕ್ಕೆ ಅವಳು ಕಾರಿನಲ್ಲಿ ಬಂದಳು. ಜಗಲಿಯಲ್ಲಿ ಕುಳಿತುಕೊಳ್ಳದೆ, ನಿಂತೇ ಪದ್ದಕ್ಕನ ಕ್ಷಮೆ ಕೇಳಿದಳು, ಪ್ರೇಮಾನಂದನ ಕಡೆ ನೋಡಲಿಲ್ಲ. ಇಳಿ ಬಿಸಿಲಿನಲ್ಲಿ ಅವಳೂ ಅವನೂ ಸೇರಿ ನಿಜವಾದ ಬಣ್ಣವನ್ನು ಹೊಡೆದರು. ಸ್ಪ್ರೇಯರಿನ ಪಟ್ಟಿ ಅವನ ಹೆಗಲನ್ನು ಕೊರೆಯುತ್ತಿತ್ತು, ಎಲೆ ಉಳಿದಿದ್ದ ಪ್ರತಿ ಗಿಡವನ್ನೂ ಬಗ್ಗಿ ಅಡಿಯಿಂದ ಮೇಲೆ ತೋಯಿಸಿದ. ಪದ್ದಕ್ಕ ಅಂಚಿನಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಚಾ ಕುಡಿಯಿರಿ ಎಂದು ಅನಿಷಾಳನ್ನು ಕರೆದಳು. ಅವನನ್ನು ಕರೆಯಲಿಲ್ಲ. ಅವನು ಬಾವಿಯ ಹತ್ತಿರ ಕೈ ತೊಳೆದು, ಹೆದ್ದಾರಿಗೆ ನಡೆದು, ಬಸ್ಸು ಹಿಡಿದ.

ಮರುದಿನ ಬೆಳಿಗ್ಗೆ ಅವನಿಗೆ ಕೆಲಸದ ಆದೇಶವೇನೂ ಇರಲಿಲ್ಲ. ಆದರೂ ಏಳೂವರೆಗೆ ನಾಗೂರಿನಲ್ಲಿ ಇಳಿದಿದ್ದ. ಆಕಾಶ ಪೂರ್ತಿ ಮುಚ್ಚಿತ್ತು. ಈ ಕಾಲದಲ್ಲಿ ಬರಬಾರದ ಮೋಡ, ಸಮುದ್ರದ ಕಡೆಯಿಂದ ಎದ್ದು ಬೂದಿ ಬಣ್ಣದ ಕಂಬಳಿಯ ಹಾಗೆ ಬಯಲಿನ ಮೇಲೆ ಹರಡಿತ್ತು. ಪದ್ದಕ್ಕ ಆಗಲೇ ಗದ್ದೆಯ ಅಂಚಿನಲ್ಲಿ ಕುಳಿತಿದ್ದಳು. ಅವನು ಬಂದದ್ದು ಕಂಡರೂ ತಲೆಯೆತ್ತಲಿಲ್ಲ. ಅವನು ಸ್ವಲ್ಪ ದೂರದಲ್ಲಿ ನಿಂತ. ಹುಳಗಳು ಮೇಯುತ್ತಿದ್ದವು. ಮೌನದಲ್ಲಿ ಅವು ಎಲೆ ಕಡಿಯುವ ಸಣ್ಣ ಸದ್ದು ಕೇಳಿಸುತ್ತಿದೆ ಎಂದು ಅವನಿಗೆ ಅನ್ನಿಸಿತು. ಅಥವಾ ಅದು ದೂರದ ಸಮುದ್ರವೋ.

ಎಂಟು ಗಂಟೆಯಾಯಿತು. ಒಂಬತ್ತಾಯಿತು. ಬಟ್ಟೆ ಅಂಗಡಿಯ ಹುಡುಗಿಯರನ್ನು ತುಂಬಿಕೊಂಡು ಕುಂದಾಪುರದ ಬಸ್ಸು ಹೋಯಿತು. ಹತ್ತಾಗುವ ಹೊತ್ತಿಗೆ ಪದ್ದಕ್ಕ ಆಕಾಶ ನೋಡಿ ಕೇಳಿದಳು:

"ಬಿಸ್ಲ್ ಬತ್ತಾ?"

ಬರುತ್ತದೆ ಎಂದು ಹೇಳುವುದು ಅವನ ಬಾಯಿಗೆ ಬಂದೇಬಿಟ್ಟಿತ್ತು. ಎದುರಿಗಿದ್ದವರ ಮುಖ ಅರಳುವುದನ್ನು ನೋಡಲೆಂದೇ ಅವನು ಜೀವಮಾನವಿಡೀ ಬರುತ್ತದೆ, ಆಗುತ್ತದೆ, ಒಳ್ಳೆಯದಾಗುತ್ತದೆ ಎನ್ನುತ್ತ ಬಂದಿದ್ದ. ಅಬ್ಬೆ ಆಸ್ಪತ್ರೆಯಲ್ಲಿದ್ದಾಗಲೂ ಹಾಗೆಯೇ ಹೇಳಿದ್ದ.

"ಗೊತ್ತಿಲ್ಲೆ ಪದ್ದಕ್ಕ," ಎಂದ.

ಅವಳು ತಲೆಯಾಡಿಸಿದಳು. ಸಿಟ್ಟಿನ ಹಾಗೆ ಕಾಣಲಿಲ್ಲ. "ನಿಂತ್ರೆ ಬತ್ತಿಲ್ಲೆ, ಕೂಕೋ" ಎಂದಳು. ಅವನು ಅವಳಿಂದ ಒಂದು ಮಾರು ದೂರದಲ್ಲಿ ಕುಳಿತ.

ಹನ್ನೊಂದೂವರೆಗೆ ಮೋಡ ಒಂದು ಕಡೆ ತೆಳ್ಳಗಾಯಿತು. ಮೊದಲು ದೂರದ ತೆಂಗಿನ ತೋಪಿಗೆ ಬಿಸಿಲು ಬಿತ್ತು, ಮತ್ತೆ ಹೆದ್ದಾರಿಗೆ, ಮತ್ತೆ ಒಂದೊಂದೇ ಗದ್ದೆ ದಾಟಿ ಇಲ್ಲಿಗೆ ಬಂತು. ಬೆನ್ನು ಬೆಚ್ಚಗಾಯಿತು. ಬಿಸಿಲು ಬಿದ್ದ ಕೂಡಲೇ ಏನೂ ಆಗಲಿಲ್ಲ. ಅವರ ಕಾಲಿನ ಹತ್ತಿರದ ಗಿಡದಲ್ಲಿದ್ದ ಹುಳವೊಂದು ತಿನ್ನುತ್ತಲೇ ಇತ್ತು. ಅರ್ಧ ಗಂಟೆ ಕಳೆದ ಮೇಲೆ ಅದು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಅತ್ತಿತ್ತ ಆಡಿಸಿತು. ನೆರಳಿಗೆ ಹೋಗಲು ತಿರುಗಿತು, ಅರ್ಧ ದಾರಿಯಲ್ಲಿ ನಿಂತಿತು. ಹಿಂದಿನ ಕಾಲುಗಳ ಹಿಡಿತ ತಪ್ಪಿ ಎಲೆಯ ಅಂಚಿನಿಂದ ಕೆಳಗೆ ನೇತಾಡಿತು. ಆಮೇಲೆ ಬಿತ್ತು. ಬಿದ್ದಲ್ಲಿ ಒಮ್ಮೆ ಸುರುಟಿ ಸುಮ್ಮನಾಯಿತು. ಪದ್ದಕ್ಕ ಬಗ್ಗಿ ಒಂದು ಕಡ್ಡಿಯಿಂದ ಅದನ್ನು ಮಗುಚಿ ನೋಡಿದಳು. "ಪಾಪ" ಎಂದಳು. ಆಮೇಲೆ ತನಗೇ ನಗು ಬಂದಂತೆ ಬಾಯಿಗೆ ಸೆರಗು ಮುಚ್ಚಿಕೊಂಡಳು.

ಎರಡು ಗಂಟೆಯ ಹೊತ್ತಿಗೆ ಗದ್ದೆಯ ತುಂಬ ಹುಳಗಳು ಉದುರುತ್ತಿದ್ದವು. ಪದ್ದಕ್ಕ ಎದ್ದು ಸೀರೆಯ ಮಣ್ಣು ಕೊಡವಿ ಗದ್ದೆಯ ಸುತ್ತ ನಡೆದಳು. ಅವನೂ ಹಿಂದೆ ಹೋದ. ತೆಂಕು ಮೂಲೆಯ ಕಡ್ಡಿಗಳ ಹತ್ತಿರ ನಿಂತು ಒಂದು ಗಿಡವನ್ನು ಕಿತ್ತಳು. ಬೇರಿನ ಸುತ್ತ ಅಕ್ಕಿಕಾಳಿನಷ್ಟು ಸಣ್ಣ ಕಾಯಿಗಳು, ಇನ್ನು ಬೆಳೆಯುವುದಿಲ್ಲ. ಅದನ್ನು ಬಿಸಾಡದೆ ಕೈಯಲ್ಲೇ ಇಟ್ಟುಕೊಂಡು ಬಡಗು ಬದಿಗೆ ಬಂದಳು. ಅಲ್ಲಿ ಎಲೆಗಳು ತೂತಾಗಿದ್ದರೂ ಚಿಗುರು ಉಳಿದಿತ್ತು. ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ, ಕಾಯಿ ಮುಟ್ಟಿ ನೋಡಿ, ಮತ್ತೆ ಮುಚ್ಚಿದಳು.

"ಆ ಮೂಲಿದ್ ಹೋಯ್ತ್," ಎಂದಳು. "ಈ ಬದಿದ್ ಉಳ್ದ್ರೆ ಬೀಜಕ್ಕ್ ಸಾಕ್. ತಿಂಬುಕ್ ಸಿಕ್ಕುದಿಲ್ಲ, ಮಾರೂಕೂ ಸಿಕ್ಕುದಿಲ್ಲ. ಬೀಜಕ್ಕ್ ಸಾಕ್."

ಅವನು ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, "ನಾನ್ ಬತ್ತೆ ಪದ್ದಕ್ಕ. ನಾಳೆ ಬಂದ್ ಒಂದ್ಸಲ ಕಾಂತೆ" ಎಂದ.

"ನಾಳೆ ಬರ್ಬೇಡ," ಎಂದಳು ಅವಳು. ಅವನ ಕಡೆ ನೋಡದೆ, ಮಣ್ಣು ಮೆತ್ತಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ. "ನಾಳೆ ನಂಗ್ ನಿನ್ನ್ ಮೋರೆ ಕಾಂಬುಕೆ ಆತಿಲ್ಲೆ."

ಅವನು ತಲೆ ತಗ್ಗಿಸಿ ಅಂಚಿನ ಮೇಲೆ ಹತ್ತು ಹೆಜ್ಜೆ ನಡೆದಿದ್ದ. ಹಿಂದಿನಿಂದ ಅವಳ ಸ್ವರ ಬಂತು, ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ.

"ನಾಡ್ದ್ ಬಾ."